ವ್ಯವಹಾರ ವಿದ್ಯೆಯ ತರಗತಿಯಲ್ಲಿ ನಮ್ಮೂರ ಮಕ್ಕಳು

ಪುಷ್ಯಮಾಸದ ಕೊನೆಯಲ್ಲಿ ಕಪಿಲಾ ತೀರದ ಸುತ್ತೂರಿಗೆ ಜಾತ್ರೆಯ ನಿಮಿತ್ತ ಹೋಗಿಬಂದ ವಾಚಕರಿಗೆ ಅಲ್ಲಿಯ ದಾಸೋಹದ ಅಡುಗೆಮನೆಯನ್ನು ವರ್ಣಿಸಿ ಹೇಳುವ ಅಗತ್ಯವಿಲ್ಲ. ಆರು ದಿನಗಳ ಕಾಲ ಒಲೆ ಆರುವುದಿಲ್ಲ. ಸುತ್ತಲ ಹಳ್ಳಿಗಳಿಂದ ಅಕ್ಕಿ, ಬೇಳೆ, ಬೆಲ್ಲ, ತರಕಾರಿ ಬಂದು ಬೀಳುತ್ತಲೇ ಇರುತ್ತವೆ. ಒಂದು ಪಂಕ್ತಿ ಏಳುವಷ್ಟರಲ್ಲಿ ಇನ್ನೊಂದು ಪಂಕ್ತಿ ಕೂಡುತ್ತದೆ. ಕಳೆದ ಜಾತ್ರೆಯಲ್ಲಿ ಪ್ರಸಾದ ಸ್ವೀಕರಿಸಿ ಕೈತೊಳೆಯಲು ಎದ್ದ ನಾವು, ಅಕ್ಕಿಯ ಮೂಟೆಗಳ ಮಗ್ಗುಲಲ್ಲಿ ನಿಂತಿದ್ದ ಐದಾರು ಮಂದಿ ತರುಣ ತರುಣಿಯರ ಮಾತು ಕಿವಿಗೆ ಬಿದ್ದು ಅಲ್ಲಿಯೇ ನಿಂತೆವು.

ಅವರು ಮೈಸೂರಿನ ಕಾಲೇಜೊಂದರಲ್ಲಿ ಎಂ.ಬಿ.ಎ. ಎರಡನೆಯ ವರ್ಷದಲ್ಲಿ ಓದುತ್ತಿದ್ದವರು. ಅವರಲ್ಲಿ ಬೆಂಗಳೂರಿನ ಹುಡುಗಿಯೊಬ್ಬಳು, "ನಾಳೆ ಎಷ್ಟು ಜನ ಬರ್ತಾರೆ ಅಂತ ಇವರಿಗೆ ಮೊದಲೇ ಹೇಗೆ ಗೊತ್ತಾಗತ್ತೆ?" ಎಂದು ಕೇಳಿದಳು. ಹೆಗಲ ಮೇಲೆ ಟವಲು ಹಾಕಿಕೊಂಡು, ಬಡಿಸುವ ಬಕೀಟನ್ನು ಕೆಳಗಿಟ್ಟು ನಿಂತಿದ್ದ ಹುಡುಗನು ಉತ್ತರಿಸಿದನು: "ಹೋದ ವರ್ಷದ ಪುಸ್ತಕ ನೋಡ್ತಾರೆ. ತೇರು ಯಾವ ವಾರ ಬಿತ್ತು ಅಂತ ನೋಡ್ತಾರೆ. ನಾಲೆಗೆ ನೀರು ಬಿಟ್ಟಿದ್ರೆ ಗದ್ದೆ ಕೆಲಸ ಮುಗಿಸಿ ಜನ ಸಂಜೆ ಬರ್ತಾರೆ, ಇಲ್ಲದಿದ್ರೆ ಬೆಳಿಗ್ಗೆಯೇ ಬರ್ತಾರೆ. ಅಷ್ಟಾದರೂ ಲೆಕ್ಕ ತಪ್ಪಿದ್ರೆ ಸಾರಿಗೆ ನೀರು ಹಾಕೋದಿಲ್ಲ. ಇನ್ನೊಂದು ಒಲೆ ಹಚ್ತಾರೆ." ಉಳಿದವರು ನಕ್ಕರು. ಹುಡುಗಿಯು ಮಾತ್ರ ನಗದೆ ಪುಸ್ತಕ ತೆರೆದು ಬರೆದುಕೊಂಡಳು.

ಈ ಹುಡುಗನು ತಿರುಮಕೂಡಲು ನರಸೀಪುರದ ಕಡೆಯ ಹಳ್ಳಿಯವನು. ಒಂದೂವರೆ ವರ್ಷದ ಹಿಂದೆ, ಮೊದಲನೆಯ ಸೆಮಿಸ್ಟರಿನ ನಡುವೆ, ಟ್ರಂಕಿಗೆ ಬಟ್ಟೆ ತುಂಬಿ ಊರಿಗೆ ಹಿಂದಿರುಗಲು ಸಿದ್ಧನಾಗಿದ್ದನೆಂಬ ಸಂಗತಿ ಅಂದು ಸಂಜೆ ಹೊಳೆಯ ಮೆಟ್ಟಿಲ ಮೇಲೆ ಕುಳಿತಾಗ ನಮಗೆ ತಿಳಿಯಿತು. ಓದು ಬಾರದೆ ಹೊರಟವನಲ್ಲ. ಬಿ.ಕಾಂ.ನಲ್ಲಿ ಮೊದಲ ದರ್ಜೆ ಪಡೆದವನು. ಪ್ರವೇಶ ಪರೀಕ್ಷೆ ಬರೆದು ಸೀಟು ಪಡೆದವನು. ಆತನನ್ನು ಹೊರಡಿಸಿದ್ದೇನು, ನಿಲ್ಲಿಸಿದ್ದೇನು ಎಂಬುದನ್ನು ನಮ್ಮ ಕುಟುಂಬಗಳ ತಂದೆತಾಯಂದಿರು ತಿಳಿಯಬೇಕೆಂಬುದೇ ಈ ಬರೆಹದ ಉದ್ದೇಶ.

ಹಳ್ಳಿಯ ಮಕ್ಕಳು ಮೈಸೂರಿಗೆ ಬಂದು ಓದುವುದು ಹೊಸ ಸಂಗತಿಯೇನೂ ಅಲ್ಲ. ಸುತ್ತೂರು ಶ್ರೀಮಠದ ಲಿಂಗೈಕ್ಯ ಜಗದ್ಗುರು ಡಾ. ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಸ್ವತಃ ವಿದ್ಯಾಭ್ಯಾಸಕ್ಕಾಗಿ ಮೈಸೂರಿನಲ್ಲಿದ್ದಾಗ, ಊಟ ವಸತಿಗಳಿಲ್ಲದೆ ಓದು ಬಿಡುತ್ತಿದ್ದ ಹಳ್ಳಿಯ ಹುಡುಗರನ್ನು ಕಣ್ಣಾರೆ ಕಂಡವರು. ನಲವತ್ತರ ದಶಕದಲ್ಲಿ, ಎರಡನೆಯ ಮಹಾಯುದ್ಧದ ಅಭಾವದ ದಿನಗಳಲ್ಲಿ, ಅವರು ಉಚಿತ ಪ್ರಸಾದನಿಲಯವನ್ನು ನಡೆಸಿದರು. ಮಕ್ಕಳ ಊಟ ನಿಲ್ಲಬಾರದೆಂದು ಮಠದ ಒಡವೆಗಳಿಗೂ ಕೈಹಚ್ಚಬೇಕಾಯಿತೆಂದು ಹಿರಿಯರು ಇಂದಿಗೂ ನೆನೆಯುತ್ತಾರೆ. 1954ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಸ್ಥಾಪಿತವಾಯಿತು, 1963ರಲ್ಲಿ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜು ಬಂದಿತು. ಅಂದರೆ ಮೊದಲು ಅನ್ನ, ಅನಂತರ ಕಟ್ಟಡ. ಈ ಕ್ರಮವನ್ನು ನಾವು ಮರೆಯಬಾರದು.

ಇಂದು ಮೈಸೂರು ನಗರದಲ್ಲಿ ವ್ಯವಹಾರ ನಿರ್ವಹಣೆಯನ್ನು ಕಲಿಸುವ ಸಂಸ್ಥೆಗಳಿಗೆ ಕೊರತೆಯಿಲ್ಲ. ಮಾನಸಗಂಗೋತ್ರಿಯಲ್ಲಿ ವಿಶ್ವವಿದ್ಯಾನಿಲಯದ ಬಿ.ಎನ್. ಬಹದ್ದೂರ್ ನಿರ್ವಹಣಾ ವಿಜ್ಞಾನಗಳ ಸಂಸ್ಥೆಯಿದೆ. ಧರ್ಮಸ್ಥಳದವರ ಎಸ್.ಡಿ.ಎಂ. ನಿರ್ವಹಣಾ ಸಂಸ್ಥೆ 1993ರಿಂದ ನಡೆಯುತ್ತಿದೆ. ಮೇಲೆ ಹೇಳಿದ ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿಯೇ ಜೆ.ಎಸ್.ಎಸ್. ನಿರ್ವಹಣಾ ಅಧ್ಯಯನ ಕೇಂದ್ರವಿದೆ. ಇವಲ್ಲದೆ ಇನ್ನೂ ಹಲವು ಕಾಲೇಜುಗಳಿವೆ. ನಾವು ಹೇಳುತ್ತಿರುವ ಹುಡುಗನು ಯಾವ ಕಾಲೇಜಿನವನೆಂಬುದು ಇಲ್ಲಿ ಮುಖ್ಯವಲ್ಲ. ಆತನ ಅನುಭವ ಎಲ್ಲ ಕಡೆಯೂ ಇರುವಂಥದೇ.

ಈ ಓದಿನ ರೀತಿ ಇತರ ಓದುಗಳಂತಲ್ಲ ಎಂಬುದನ್ನು ಮನೆಯವರು ಮೊದಲು ಅರಿಯಬೇಕು. ನಮ್ಮ ಕಾಲದ ಪದವಿ ತರಗತಿಯಲ್ಲಿ ಅಧ್ಯಾಪಕರು ಹೇಳುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಬಾಯಿ ಬಿಡದೆಯೇ ಮೂರು ವರ್ಷ ಕಳೆದು ಉತ್ತೀರ್ಣರಾಗಬಹುದಿತ್ತು. ಎಂ.ಬಿ.ಎ. ತರಗತಿಯಲ್ಲಿ ಅದು ಸಾಧ್ಯವಿಲ್ಲ. ಅಮೆರಿಕದಲ್ಲಿ 1908ರಲ್ಲಿ ಆರಂಭವಾದ ಹಾರ್ವರ್ಡ್ ವ್ಯವಹಾರ ಶಾಲೆಯು ಒಂದು ನಿಜವಾದ ಕಂಪನಿಯ ಕಷ್ಟವನ್ನು ವಿದ್ಯಾರ್ಥಿಗಳ ಮುಂದಿಟ್ಟು, "ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಕೇಳುವ ಪದ್ಧತಿಯನ್ನು ಬೆಳೆಸಿತು. 1961ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿತವಾದ ಭಾರತೀಯ ನಿರ್ವಹಣಾ ಸಂಸ್ಥೆಗೆ ಹಾರ್ವರ್ಡಿನವರ ನೆರವಿದ್ದುದರಿಂದ ಆ ಪದ್ಧತಿ ನಮ್ಮ ದೇಶಕ್ಕೂ ಬಂದಿತು; ಇಂದು ಜಿಲ್ಲಾ ಕೇಂದ್ರದ ಕಾಲೇಜುಗಳವರೆಗೆ ಇಳಿದಿದೆ. ಇದರಲ್ಲಿ ಒಬ್ಬರೇ ಓದಿ ಪ್ರಯೋಜನವಿಲ್ಲ. ನಾಲ್ಕೈದು ಮಂದಿಯ ಗುಂಪು ಕೂಡಿ, ಚರ್ಚಿಸಿ, ಮರುದಿನ ತರಗತಿಯ ಮುಂದೆ ನಿಂತು ಹೇಳಬೇಕು. ಅಂಕ ಗುಂಪಿಗೆ ಸಲ್ಲುತ್ತದೆ. ಗುಂಪನ್ನು ಬಹುಪಾಲು ಅಧ್ಯಾಪಕರೇ ರಚಿಸುತ್ತಾರೆ; ಬೇಕಾದವರನ್ನು ಆರಿಸಿಕೊಳ್ಳುವ ಅವಕಾಶ ಕಡಮೆ. ಹೀಗಾಗಿ ಈ ಓದಿನಲ್ಲಿ ಗೆಳೆತನವೆಂಬುದು ಬಿಡುವಿನ ವೇಳೆಯ ವಿಷಯವಲ್ಲ. ಪಠ್ಯಕ್ರಮದ ಒಂದು ಭಾಗವೇ ಆಗಿದೆ.

ನಮ್ಮ ಹುಡುಗನ ಗುಂಪಿನಲ್ಲಿ ಐವರಿದ್ದರು. ಇಬ್ಬರು ಇಂಜಿನಿಯರಿಂಗ್ ಓದಿ ಬಂದವರು, ಒಬ್ಬಾತ ಕೇರಳದವನು, ಒಬ್ಬಳು ಬೆಂಗಳೂರಿನವಳು. ಮಾತೆಲ್ಲ ಇಂಗ್ಲಿಷಿನಲ್ಲಿಯೇ ನಡೆಯುತ್ತಿತ್ತು. ಮೊದಲ ವಾರ ಆತನಿಗೆ ಕೊಟ್ಟ ಕೆಲಸ, ಉಳಿದವರು ಬರೆದುದನ್ನು ಟೈಪು ಮಾಡಿ ಮುದ್ರಿಸಿಕೊಂಡು ಬರುವುದು. ಎರಡನೆಯ ವಾರವೂ ಅದೇ. ಮೂರನೆಯ ವಾರ ಯಾರೂ ಕೇಳಲೇ ಇಲ್ಲ, ಆತನೇ ಹೋಗಿ ಕಾಗದಗಳನ್ನು ಇಸಿದುಕೊಂಡನು. "ಅವರು ನನ್ನನ್ನು ಹೀಯಾಳಿಸಲಿಲ್ಲ ಸಾರ್. ಹೀಯಾಳಿಸಿದ್ರೆ ಜಗಳ ಆಡಬಹುದಿತ್ತು. ಒಳ್ಳೆಯವರಾಗಿಯೇ ಇದ್ದರು, ನಾನು ಇಲ್ಲ ಅನ್ನೋ ಹಾಗೆ ಇದ್ದರು" ಎಂದು ಆತನು ನಮಗೆ ಹೇಳಿದನು. ಒಂದು ದಿನ ಅಂಗಡಿಯೊಂದರ ನಗದು ಏಕೆ ಸಾಲದಾಗಿದೆ ಎಂಬ ಸಮಸ್ಯೆ ಚರ್ಚೆಗೆ ಬಂದಿತು. ಲಾಭವಿದ್ದರೂ ಕೈಯಲ್ಲಿ ಕಾಸಿಲ್ಲದಿರುವುದು ಹೇಗೆಂದು ಇಂಜಿನಿಯರುಗಳಿಬ್ಬರೂ ತಲೆ ಕೆರೆದುಕೊಳ್ಳುತ್ತಿದ್ದರು. ಸರಕು ಕಡ ಕೊಟ್ಟಿದ್ದಾರೆ, ಬಾಕಿ ವಸೂಲಾಗಿಲ್ಲ ಎಂಬ ಉತ್ತರ ಈತನ ನಾಲಗೆಯ ತುದಿಯಲ್ಲಿತ್ತು. ಭತ್ತ ಮಾರಿದ ಮೇಲೆ ಮಂಡಿಯವನು ಹಣ ಕೊಡುವವರೆಗೆ ಅಪ್ಪನ ಜೇಬು ಹೇಗಿರುತ್ತದೆಂಬುದನ್ನು ಕಂಡವನಿಗೆ ಅದು ಪುಸ್ತಕದಿಂದ ಕಲಿಯಬೇಕಾದ ಪಾಠವೇ? ಆದರೆ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟುವಷ್ಟರಲ್ಲಿ ಚರ್ಚೆ ಮುಂದೆ ಹೋಗಿತ್ತು. ಆ ರಾತ್ರಿಯೇ ಟ್ರಂಕು ಹೊರಬಂದದ್ದು.

ವಿಚಿತ್ರವೆಂದರೆ, ಈತನು ಸುತ್ತೂರಿನ ವಸತಿ ಶಾಲೆಯಲ್ಲಿ ಓದಿ ಬೆಳೆದವನು. ಆ ಶಾಲೆಯಲ್ಲಿ ಈಶಾನ್ಯ ರಾಜ್ಯಗಳಿಂದ ಬಂದ ಮಕ್ಕಳೂ ಇರುವರೆಂಬುದು ವಾಚಕರಿಗೆ ತಿಳಿದೇ ಇದೆ. ಬಾಲಕನಾಗಿದ್ದಾಗ ಈತನೇ ಅಂಥ ಒಬ್ಬ ಹುಡುಗನಿಗೆ ಕೈಸನ್ನೆಯಿಂದ ಆರಂಭಿಸಿ, ನೀರು, ಅನ್ನ, ಚೆಂಡು ಎಂದು ಒಂದೊಂದೇ ಮಾತು ಕಲಿಸಿದ್ದನಂತೆ. ಭಾಷೆ ಬಾರದವನ ಪಕ್ಕದಲ್ಲಿ ಕೂಡುವುದು ಹೇಗೆಂದು ಬಲ್ಲವನಿಗೆ, ತಾನೇ ಭಾಷೆ ಬಾರದವನಾದಾಗ ಯಾರಾದರೂ ಪಕ್ಕದಲ್ಲಿ ಬಂದು ಕೂತಾರೆಂಬ ನಂಬಿಕೆ ಹುಟ್ಟಲಿಲ್ಲ. ಹತ್ತು ವರ್ಷಗಳಲ್ಲಿ ಆ ನಂಬಿಕೆ ಎಲ್ಲಿ ಕಳೆಯಿತು? ಇದಕ್ಕೆ ಉತ್ತರ ನಮಗೆ ಹೊಳೆಯಲಿಲ್ಲ.

ಆತನನ್ನು ನಿಲ್ಲಿಸಿದವನು ನಿಲಯದ ಕೋಣೆಯ ಜೊತೆಗಾರ, ಚಾಮರಾಜನಗರದ ಕಡೆಯ ಹುಡುಗ. ಆತನು ಉಪದೇಶ ಮಾಡಲಿಲ್ಲ. "ಹೋಗೋದಾದ್ರೆ ಹೋಗು ಮಗಾ, ಆದರೆ ನಾಳೆ ಅಕೌಂಟ್ಸ್ ಟೆಸ್ಟು ಮುಗಿಸ್ಕೊಂಡು ಹೋಗು. ನಂಗೆ ಹೇಳಿಕೊಡೋರು ಯಾರಿದ್ದಾರೆ?" ಎಂದನಂತೆ. ಪರೀಕ್ಷೆ ಬರೆದಾಯಿತು. ಅಂಕಪಟ್ಟಿ ಹಚ್ಚಿದಾಗ ತರಗತಿಯಲ್ಲಿ ಮೊದಲನೆಯ ಹೆಸರು ನಮ್ಮ ಹುಡುಗನದಾಗಿತ್ತು. ಇಂಜಿನಿಯರಿಂಗ್ ಓದಿ ಬಂದವರಿಗೆ ಜಮಾ ಖರ್ಚು, ಅಡಾವೆ ಪತ್ರಿಕೆ ಎಂದರೆ ಕಬ್ಬಿಣದ ಕಡಲೆ, ಬಿ.ಕಾಂ. ಓದಿದವರಿಗೆ ಅದು ದಿನನಿತ್ಯದ ಗಂಜಿ. ಮರುದಿನ ಬೆಂಗಳೂರಿನ ಹುಡುಗಿ ಬಂದು, ಯಾವ ಪೀಠಿಕೆಯೂ ಇಲ್ಲದೆ, "ನನಗೆ ಅಕೌಂಟ್ಸ್ ಹೇಳಿಕೊಡು. ನಿನಗೆ ಏನು ಬೇಕು ಹೇಳು" ಎಂದಳು. ಆತನು ಸಂಕೋಚ ಬಿಟ್ಟು "ಇಂಗ್ಲಿಷ್" ಎಂದನು.

ಅಂದಿನಿಂದ ಸಂಜೆ ಕಾಲೇಜಿನ ಆವರಣದಲ್ಲಿ ನಡೆಯುತ್ತ ಅರ್ಧ ಗಂಟೆ ಇಂಗ್ಲಿಷಿನಲ್ಲಿಯೇ ಮಾತು. ಅನಂತರ ಗ್ರಂಥಾಲಯದಲ್ಲಿ ಅರ್ಧ ಗಂಟೆ ಲೆಕ್ಕ. ವಿಷಯ ಏನಾದರೂ ಆಗಬಹುದಿತ್ತು: ರಾಗಿ ಕೊಯ್ಲು, ಕ್ರಿಕೆಟ್ಟು, ಆಕೆಯ ಅಜ್ಜಿಯ ಮಂಡಿನೋವು. ತಪ್ಪನ್ನು ಆಕೆ ನಡುವೆ ತಿದ್ದುತ್ತಿರಲಿಲ್ಲ. ಕೊನೆಯಲ್ಲಿ ಮೂರೇ ಮೂರು ತಪ್ಪು ಹೇಳುತ್ತಿದ್ದಳು. ಬೋಧನಶಾಸ್ತ್ರ ಓದಿದವರೂ ಇದಕ್ಕಿಂತ ಚೆನ್ನಾಗಿ ಕಲಿಸಲಾರರೆಂದು ನಮಗನ್ನಿಸುತ್ತದೆ. ನಮ್ಮ ಕಡೆಯ ರೈತರು ಇದಕ್ಕೆ ಬಳಸುವ ಒಂದು ಒಳ್ಳೆಯ ಪದವಿದೆ: ಮುಯ್ಯಾಳು. ಇಂದು ನನ್ನ ಗದ್ದೆಯ ನಾಟಿಗೆ ನೀನು ಬಾ, ನಾಳೆ ನಿನ್ನ ಗದ್ದೆಗೆ ನಾನು ಬರುತ್ತೇನೆ. ನಡುವೆ ಹಣದ ಮಾತಿಲ್ಲ, ಉಪಕಾರದ ಮಾತೂ ಇಲ್ಲ. ಆದುದರಿಂದಲೇ ತಲೆ ತಗ್ಗಿಸಬೇಕಾದ ಪ್ರಸಂಗವೂ ಇಲ್ಲ. ಸಹಾಯ ಪಡೆದೆನೆಂಬ ಭಾರದಿಂದ ಎಷ್ಟೋ ಹಳ್ಳಿಯ ಮಕ್ಕಳು ನಗರದ ಗೆಳೆಯರಿಂದ ದೂರ ಸರಿಯುತ್ತಾರೆ. ಕೊಡಲು ತಮ್ಮಲ್ಲಿಯೂ ಏನೋ ಇದೆಯೆಂದು ತಿಳಿದ ದಿನ ಆ ಭಾರ ಇಳಿಯುತ್ತದೆ.

ಇಲ್ಲಿ ಒಂದು ಮಾತು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆ 1973ರಲ್ಲಿ ಆರಂಭವಾದಾಗ ಅದರ ಪ್ರಥಮ ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿಯವರು ದೇಶದ ಗಮನ ಸೆಳೆದದ್ದು ಯಾವ ವಿಷಯದಿಂದ ಬಲ್ಲಿರಾ? ಎತ್ತಿನ ಗಾಡಿಯಿಂದ. ಎತ್ತುಗಳ ಶ್ರಮವನ್ನು ತಗ್ಗಿಸುವಂತೆ ಗಾಡಿಯನ್ನು ಸುಧಾರಿಸಬೇಕೆಂದು ಅವರು ಬಹುಕಾಲ ದುಡಿದರು. ಮುಂಬಯಿಯ ಊಟದ ಡಬ್ಬಿ ಹೊರುವವರ ವ್ಯವಸ್ಥೆಯನ್ನು ಕುರಿತು ಹಾರ್ವರ್ಡಿನವರು 2010ರಲ್ಲಿ ಒಂದು ಪಾಠವನ್ನೇ ಸಿದ್ಧಪಡಿಸಿದರು. ಹೀಗಿರುವಾಗ, ಸುತ್ತೂರು ಜಾತ್ರೆಯ ದನಗಳ ಪರಿಷೆಯಲ್ಲಿ ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವ ದಳ್ಳಾಳಿಯನ್ನು ನೋಡಿ ಬೆಳೆದ ಹುಡುಗನು ತನಗೆ ವ್ಯವಹಾರ ಜ್ಞಾನವಿಲ್ಲವೆಂದು ಏಕೆ ಕುಗ್ಗಬೇಕು?

ಗೆಳೆತನವೆಲ್ಲ ಹಾಲುಜೇನಿನಂತೆ ನಡೆಯಿತೆಂದು ಬರೆದರೆ ಅದು ಸುಳ್ಳಾದೀತು. ಎರಡನೆಯ ಸೆಮಿಸ್ಟರಿನಲ್ಲಿ ಗ್ರಾಹಕರ ಅಭಿಪ್ರಾಯ ಸಂಗ್ರಹಿಸುವ ಕೆಲಸ ಗುಂಪಿಗೆ ಬಂದಿತು. ನೂರು ಮಂದಿಯನ್ನು ಕಂಡು ಪ್ರಶ್ನಾವಳಿ ತುಂಬಿಸಬೇಕು. ಸಲ್ಲಿಸಬೇಕಾದ ದಿನಕ್ಕೆ ಮೂರು ದಿನ ಮಾತ್ರ ಉಳಿದಿದ್ದಾಗ ತುಂಬಿದ್ದುದು ಅರವತ್ತು. ಉಳಿದ ನಲವತ್ತನ್ನು ಹಾಸ್ಟೆಲಿನ ಕೋಣೆಯಲ್ಲಿ ಕುಳಿತು, ಬೇರೆ ಬೇರೆ ಪೆನ್ನಿನಿಂದ ತಾವೇ ತುಂಬಿದರಾಯಿತೆಂದು ಗುಂಪಿನ ಒಬ್ಬನು ಸೂಚಿಸಿದನು. ಇದು ಅಪರೂಪದ ಸಂಗತಿಯೇನೂ ಅಲ್ಲ. ಈ ವಿದ್ಯೆ ಓದಿದ ಯಾರನ್ನಾದರೂ ಕೇಳಿ ನೋಡಿ, ನಕ್ಕು ಮಾತು ಬದಲಿಸುತ್ತಾರೆ. ನಮ್ಮ ಹುಡುಗನು ಒಪ್ಪಲಿಲ್ಲ. ಈಗ ತಾನೇ ಗುಂಪಿನೊಳಗೆ ಜಾಗ ಪಡೆದವನು, ಆ ಜಾಗವನ್ನೇ ಒತ್ತೆಯಿಟ್ಟು ಬೇಡವೆಂದನು. "ದೊಡ್ಡ ಹರಿಶ್ಚಂದ್ರ" ಎಂಬ ಮಾತೂ ಕೇಳಿಬಂದಿತು. ಕೇರಳದ ಹುಡುಗನು ಎರಡು ದಿನ ಮಾತಾಡಲಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದವಳು ಆಕೆ. ಶರಣರ ಜಯಂತಿಯಂದು ಈ ಕಥೆಯನ್ನು ಭಾಷಣದಲ್ಲಿ ಹೇಳುವುದು ಸುಲಭ. ನಾಲ್ವರು ಗೆಳೆಯರು ಮುಖ ತಿರುಗಿಸಿದಾಗ ಅದರಂತೆ ನಡೆಯುವುದು ಕಷ್ಟ. ಆದರೂ ಹುಡುಗನನ್ನು ನಾವು ಕೇಳಿದಾಗ ಆತನು ಲಕ್ಕಮ್ಮನ ಹೆಸರೆತ್ತಲಿಲ್ಲ. "ಸುಳ್ಳು ಲೆಕ್ಕ ಬರೆದ್ರೆ ನಿಲಯದಲ್ಲಿ ಉಣ್ಣೋ ಅನ್ನ ಗಂಟಲಲ್ಲಿ ಇಳಿಯಲ್ಲ ಅಂತ ಅನ್ನಿಸ್ತು, ಅಷ್ಟೇ" ಎಂದನು. ಮರುದಿನ ಬೆಳಿಗ್ಗೆ ಪ್ರಶ್ನಾವಳಿಗಳನ್ನು ಹಿಡಿದು ಒಬ್ಬನೇ ನಂಜನಗೂಡಿನ ಬಸ್ಸು ಹತ್ತಿದನು. ತೇರಿನ ಬೀದಿಯ ಅಂಗಡಿಗಳಲ್ಲಿ, ಬಸ್ ನಿಲ್ದಾಣದಲ್ಲಿ, ತನಗೆ ಸಲೀಸಾದ ಕನ್ನಡದಲ್ಲಿ ಕೇಳುತ್ತ ಹೋದನು. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನ ಹುಡುಗಿಯೂ, ಆಕೆಯ ಹಿಂದೆ ಕೇರಳದ ಹುಡುಗನೂ ಬಂದು ಸೇರಿಕೊಂಡರು. ಆತನಿಗೆ ಕನ್ನಡ ಬಾರದು. ಕೊಡೆ ಹಿಡಿದು ನಿಂತನಂತೆ. ಕೊನೆಗೂ ನೂರು ಆಗಲಿಲ್ಲ, ತೊಂಬತ್ತೊಂದಕ್ಕೆ ನಿಂತಿತು. ವರದಿಯಲ್ಲಿ ತೊಂಬತ್ತೊಂದೆಂದೇ ಬರೆದರು. ಅದಕ್ಕಾಗಿ ಅಂಕವೂ ಸ್ವಲ್ಪ ಕಡಮೆ ಬಂದಿತು.

ಇನ್ನು ಹಣದ ಮಾತು. ನಿಲಯದಲ್ಲಿ ಊಟ ವಸತಿಯ ಚಿಂತೆಯಿಲ್ಲದಿದ್ದರೂ ಈ ಓದಿಗೆ ಕೋಟು, ಟೈ, ಬೂಟುಗಳಿಲ್ಲದೆ ನಡೆಯದು. ಗೆಳೆಯರ ಹುಟ್ಟುಹಬ್ಬವೆಂದರೆ ಹೋಟೆಲು, ಹಂಚಿಕೊಳ್ಳುವ ಬಿಲ್ಲು. ಊರಿನಲ್ಲಿ ತಾಯಿ ಹಾಲಿನ ಡೇರಿಯ ಹಣದಲ್ಲಿ ಉಳಿಸಿ ಕಳಿಸಿದ್ದು ಒಂದು ಸಂಜೆಗೆ ಸಾಲದು. ಬಾರದಿದ್ದರೆ ಜಿಪುಣನೆನ್ನುತ್ತಾರೆ, ಬಂದರೆ ಕಡವಾಗುತ್ತದೆ. ನಮ್ಮ ಹುಡುಗನು ಒಮ್ಮೆ ತಲೆನೋವೆಂದೂ ಇನ್ನೊಮ್ಮೆ ಊರಿಗೆ ಹೋಗುವುದಿದೆಯೆಂದೂ ತಪ್ಪಿಸಿಕೊಂಡು, ಮೂರನೆಯ ಸಲ ನಿಜ ಹೇಳಿದನು. ಆ ಮೇಲೆ ಗುಂಪಿನ ಹುಟ್ಟುಹಬ್ಬಗಳು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಚುರುಮುರಿಯೊಂದಿಗೆ ನಡೆದವು. ಉಳಿದವರಿಗೂ ಹೋಟೆಲಿನ ಬಿಲ್ಲು ಭಾರವಾಗಿಯೇ ಇತ್ತೆಂದು ಆಗ ತಿಳಿಯಿತಂತೆ. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೋಟಿನ ವಿಷಯದಲ್ಲಿ ನಿಲಯದ ಮೂವರು ಸೇರಿ ಒಂದೇ ಕೋಟು ಹೊಲಿಸಿದರು. ಮೂವರಲ್ಲಿ ಎತ್ತರದವನಿಗೆ ತೋಳು ಗಿಡ್ಡ, ಕುಳ್ಳನಿಗೆ ಉದ್ದ. ನಡುವಿನವನ ಅಳತೆಗೆ ಹೊಲಿಸಿದ್ದು. ಸಂದರ್ಶನಗಳು ಒಂದೇ ದಿನ ಬಿದ್ದಾಗ ಒಬ್ಬನು ಒಳಗಿನಿಂದ ಬಂದು ಬಿಚ್ಚಿಕೊಟ್ಟರೆ ಇನ್ನೊಬ್ಬನು ತೊಟ್ಟು ಒಳಗೆ ಹೋಗುತ್ತಿದ್ದನು.

ಶುಲ್ಕಕ್ಕೆಂದು ಜಮೀನು ಮಾರುವ, ಬಡ್ಡಿಗೆ ಕೈಸಾಲ ಮಾಡುವ ತಂದೆಯವರಿಗೆ ಇಲ್ಲಿಯೇ ಒಂದು ತಿಳಿವಳಿಕೆ ಹೇಳಿಬಿಡುತ್ತೇವೆ. ಭಾರತೀಯ ಬ್ಯಾಂಕುಗಳ ಸಂಘ 2001ರಲ್ಲಿ ರೂಪಿಸಿದ ಮಾದರಿ ವಿದ್ಯಾಸಾಲ ಯೋಜನೆಯಂತೆ 4 ಲಕ್ಷ ರೂಪಾಯಿಗಳವರೆಗೆ ಆಸ್ತಿಯ ಒತ್ತೆ ಬೇಕಿಲ್ಲ. 2015ರಲ್ಲಿ ಬಂದ ಕೇಂದ್ರ ಸರ್ಕಾರದ ಸಾಲ ಖಾತರಿ ನಿಧಿಯ ಅಡಿಯಲ್ಲಿ ಒತ್ತೆಯಿಲ್ಲದೆ ಏಳೂವರೆ ಲಕ್ಷದವರೆಗೆ ಸಾಲ ನೀಡಲು ಅವಕಾಶವಿದೆ. ಕಂತು ಆರಂಭವಾಗುವುದು ಓದು ಮುಗಿದ ಮೇಲೆ. ಬ್ಯಾಂಕಿನವರು ಪತ್ರ ಕೇಳಿದರೆಂದು ಬೇಸತ್ತು ಗದ್ದೆಯ ಪಹಣಿ ಹಿಡಿದು ಲೇವಾದೇವಿಯವರ ಬಾಗಿಲಿಗೆ ಹೋಗುವ ಮುನ್ನ ಇನ್ನೊಂದು ಬ್ಯಾಂಕಿನಲ್ಲಿ ವಿಚಾರಿಸುವುದು ಮೇಲು.

ನಮ್ಮ ಸಮಾಜದ ಪತ್ರಿಕೆಯಲ್ಲಿ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ, ಕೆಲವರಿಗೆ ಕಹಿಯಾದರೂ. ಕಾಲೇಜು ಸೇರಿದ ವಾರದಲ್ಲಿಯೇ "ನಮ್ಮವರು" ಎಂಬ ವಾಟ್ಸಾಪ್ ಗುಂಪು ಹುಟ್ಟಿಕೊಳ್ಳುತ್ತದೆ. ಪ್ರತಿಯೊಂದು ಜಾತಿಯವರದೂ ಒಂದೊಂದು. ಹಳೆಯ ಪ್ರಶ್ನಪತ್ರಿಕೆ, ಕೋಣೆಯ ವಿಳಾಸ, ಹಿರಿಯ ವಿದ್ಯಾರ್ಥಿಗಳ ಪರಿಚಯ ಇವೆಲ್ಲ ಅದರ ಮೂಲಕ ದೊರೆಯುವುದು ನಿಜ; ಅಪರಿಚಿತ ಊರಿನಲ್ಲಿ ಅದು ಒಂದು ಆಸರೆಯೂ ಹೌದು. ಆದರೆ ತರಗತಿಯ ಪ್ರತಿನಿಧಿಯ ಚುನಾವಣೆ ಬಂದೊಡನೆ ಅದರ ಬಣ್ಣ ಬೇರೆಯಾಗುತ್ತದೆ. ಅನುಭವ ಮಂಟಪದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರನ್ನು ಹಿರಿಯರೆಂದು ಕಂಡ ಪರಂಪರೆಯ ಮಕ್ಕಳು ಮೊಬೈಲಿನಲ್ಲಿ ಬೇಲಿ ಕಟ್ಟಿಕೊಳ್ಳುವುದು ನಮಗೆ ಸರಿಕಾಣದು. ಪ್ರಸಾದನಿಲಯದ ಪಂಕ್ತಿಯಲ್ಲಿ ಯಾರು ಯಾವ ಜಾತಿಯೆಂದು ಕೇಳದೆ ಉಂಡವರು ಕಾಲೇಜಿಗೆ ಹೋದಾಗ ಕೇಳತೊಡಗಿದರೆ, ಆ ಅನ್ನ ಹೊಟ್ಟೆಗಿಳಿದು ತಲೆಗೆ ಏರಲಿಲ್ಲವೆಂದಾಯಿತು. ನಮ್ಮ ಹುಡುಗನೂ ಅಂಥ ಗುಂಪಿನಲ್ಲಿದ್ದಾನೆ. ಬಿಟ್ಟಿಲ್ಲ. "ಬಿಟ್ರೆ ಊರ ಕಡೆಯೋರು ಬೇಜಾರು ಮಾಡ್ಕೋತಾರೆ" ಎನ್ನುತ್ತಾನೆ. ಇದರಲ್ಲಿ ನಾವು ಆತನೊಡನೆ ಒಪ್ಪಲಾರೆವು, ಆತನಿಗೆ ಹಾಗೆಂದು ಹೇಳಿಯೂ ಬಂದೆವು.

ಹೆಣ್ಣುಮಕ್ಕಳ ವಿಷಯ ಬೇರೆ. ನಂಜನಗೂಡು ತಾಲ್ಲೂಕಿನ ಒಬ್ಬ ವಿದ್ಯಾರ್ಥಿನಿಯನ್ನು ಅದೇ ಸಂಜೆ ಮಾತಾಡಿಸಿದೆವು. ತರಗತಿಯ ಹುಡುಗರೊಡನೆ ಗುಂಪಿನ ಕೆಲಸಕ್ಕಾಗಿ ಕಾಲೇಜಿನಲ್ಲಿ ಕುಳಿತು ತೆಗೆದ ಒಂದು ಛಾಯಾಚಿತ್ರ ಹೇಗೋ ಊರಿಗೆ ತಲುಪಿತು. ಚಿಕ್ಕಪ್ಪ ಬಂದು, "ಓದಿದ್ದು ಸಾಕು" ಎಂದರು. ಗಂಡು ನೋಡುವ ಮಾತೂ ಎದ್ದಿತು. ಆಕೆಯ ಅವ್ವ ಮಾತ್ರ ಒಂದು ದಿನ ಹೇಳದೆ ಕೇಳದೆ ಬಸ್ಸು ಹತ್ತಿ ಕಾಲೇಜಿಗೇ ಬಂದರು. ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಬಂದಿದ್ದರು. ಛಾಯಾಚಿತ್ರದಲ್ಲಿದ್ದ ಹುಡುಗರನ್ನೆಲ್ಲ ಮರದ ಕೆಳಗೆ ಕೂರಿಸಿ ತಾವೇ ಬಡಿಸಿದರು. ಯಾವ ಊರಪ್ಪಾ, ಅಪ್ಪ ಅವ್ವ ಏನು ಮಾಡ್ತಾರೆ ಎಂದು ಒಬ್ಬೊಬ್ಬರನ್ನೂ ವಿಚಾರಿಸಿಕೊಂಡು ಸಂಜೆಯ ಬಸ್ಸಿಗೆ ಹಿಂದಿರುಗಿದರು. ಮನೆಯಲ್ಲಿ ಏನು ಹೇಳಿದರೋ ಮಗಳಿಗೂ ತಿಳಿಯದು. ಆಕೆ ಈಗ ನಾಲ್ಕನೆಯ ಸೆಮಿಸ್ಟರಿನಲ್ಲಿದ್ದಾಳೆ. ಮಗಳ ಗೆಳೆಯರ ಬಗೆಗೆ ತಾಯಿಗೆ ಆತಂಕವಿರಬಾರದೆಂದು ನಾವು ಹೇಳುವುದಿಲ್ಲ, ಇರಲೇಬೇಕು. ಆದರೆ ಫೋನಿನಲ್ಲಿ ದಿನಕ್ಕೆ ನಾಲ್ಕು ಸಲ ಎಲ್ಲಿದ್ದೀಯೆಂದು ಕೇಳುವುದಕ್ಕಿಂತ ಒಮ್ಮೆ ಹೋಗಿ ನೋಡಿ ಬರುವುದು ಆಕೆಗೂ ನಿಮಗೂ ನೆಮ್ಮದಿ.

ಕೊನೆಯ ವರ್ಷದಲ್ಲಿ ಕಂಪನಿಗಳು ನೌಕರಿಗಾಗಿ ಆಯ್ಕೆಗೆ ಬರುವ ಕಾಲ ಗೆಳೆತನಗಳಿಗೆ ಸುಗ್ಗಿಯಲ್ಲ, ಬರ. ನೆನ್ನೆಯವರೆಗೆ ಒಂದೇ ಪುಸ್ತಕದಲ್ಲಿ ಓದಿದವರು ಇಂದು ಒಂದೇ ಜಾಗಕ್ಕೆ ಎದುರಾಳಿಗಳು. ಹಣಕಾಸು ಸಂಸ್ಥೆಯೊಂದರ ಅಂತಿಮ ಸುತ್ತಿಗೆ ನಮ್ಮ ಹುಡುಗನೂ ಆತನ ಕೋಣೆಯ ಜೊತೆಗಾರ ಚಾಮರಾಜನಗರದವನೂ ಉಳಿದರು. ಸಂದರ್ಶನದ ವೇಳೆ ಒಂದು ಗಂಟೆ ಮುಂಚಿತವಾದ ಸುದ್ದಿ ಜೊತೆಗಾರನಿಗೆ ಮೊದಲು ತಿಳಿಯಿತು. ಆತನು ಹೇಳಲಿಲ್ಲ. ಮರೆತನೋ, ಮರೆತಂತೆ ಇದ್ದನೋ ಬಲ್ಲವರಿಲ್ಲ. ನಮ್ಮ ಹುಡುಗನು ಓಡೋಡಿ ಹೋದಾಗ ಬಾಗಿಲು ಮುಚ್ಚಿತ್ತು. ಮೂವರ ಕೋಟು ಒಳಗೆ ಕುಳಿತಿದ್ದವನ ಮೈಮೇಲಿತ್ತು. ಕೆಲಸ ಜೊತೆಗಾರನಿಗಾಯಿತು. ಟ್ರಂಕು ಕಟ್ಟಿದ ರಾತ್ರಿ ತಡೆದು ನಿಲ್ಲಿಸಿದವನೇ ಈತ. ಅದನ್ನು ಮರೆಯಲೂ ಆಗದೆ, ಇದನ್ನು ನುಂಗಲೂ ಆಗದೆ ನಮ್ಮ ಹುಡುಗನು ಮೂರು ತಿಂಗಳು ಒಂದೇ ಕೋಣೆಯಲ್ಲಿ ಮಾತಿಲ್ಲದೆ ಕಳೆದನು. ನಿಲಯಪಾಲಕರು ಕೋಣೆ ಬದಲಿಸಿಕೊಡುವೆನೆಂದರೂ ಇಬ್ಬರೂ ಬೇಡವೆಂದರಂತೆ. ಇದಕ್ಕೆ ಏನರ್ಥವೆಂದು ವಾಚಕರೇ ಊಹಿಸಬೇಕು.

ಜಾತ್ರೆಯ ಆ ಸಂಜೆ ಹುಡುಗನು ಇಷ್ಟು ಹೇಳಿ ಎದ್ದನು. ರಾತ್ರಿಯ ಪಂಕ್ತಿಗೆ ಬಡಿಸುವ ಪಾಳಿ ಆತನದಿತ್ತು. ನಾವೂ ಹಿಂದೆಯೇ ಹೋದೆವು. ಬೆಂಗಳೂರಿನ ಹುಡುಗಿಗೆ ಉಪ್ಪಿನ ಬಟ್ಟಲು, ಕೇರಳದವನಿಗೆ ನೀರಿನ ಜಗ್ಗು ದೊರೆತಿದ್ದವು. ಮೂರನೆಯ ಸಾಲಿನ ಕೊನೆಯಲ್ಲಿ, ಕೆಲಸಕ್ಕೆ ಸೇರುವ ಮುನ್ನ ಜಾತ್ರೆಗೆಂದು ಬಂದಿದ್ದ ಚಾಮರಾಜನಗರದ ಹುಡುಗನು ತಲೆ ಬಗ್ಗಿಸಿ ಕುಳಿತಿದ್ದನು. ಅನ್ನದ ಬಕೀಟು ಹಿಡಿದು ಸಾಲಿನುದ್ದಕ್ಕೂ ಬಂದ ನಮ್ಮ ಹುಡುಗನು ಆ ಎಲೆಯ ಮುಂದೆ ಒಂದು ಕ್ಷಣ ನಿಂತನು. ಬಡಿಸಿದನು. ಕುಳಿತವನು ಸಾಕೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದನು.

"ಕೈ ತೆಗಿಯೋ" ಎಂದು ನಮ್ಮ ಹುಡುಗನು ಇನ್ನೊಂದು ಸೌಟು ಹಾಕಿ ಮುಂದಿನ ಎಲೆಗೆ ಹೋದನು.